ಬಣ್ಣ ಕೆಡದ ಹೂ

ಕಾನೀಸೇವ್‌ನಲ್ಲಿ ಬಾಗಿಲು ತಟ್ಟಿದವರು ಯಾರೆಂದು ಯಾರೂ ಕೇಳುವುದಿಲ್ಲ. ಕೆಮ್ಮಿನಿಂದಲೇ ಗೊತ್ತಾಗುತ್ತದೆ. ರೊಟ್ಟಿ ಸುಡುವ ಆಮಿನಾಳದು ಒಣ ಕೆಮ್ಮು, ಸೌದೆ ಸೀಳಿದ ಹಾಗೆ. ಮುಲ್ಲಾನದು ಒದ್ದೆ ಕೆಮ್ಮು. ನಮಾಜಿಗೆ ಕರೆಯುವಾಗ ಅವನು ಎರಡು ಕಡೆ ನಿಲ್ಲಿಸಿ ಕೆಮ್ಮುತ್ತಾನೆ. ಆ ಕೆಮ್ಮೂ ಕರೆಯೊಳಗೇ ಸೇರಿದ್ದು ಎಂದು ನಮ್ಮ ಮಕ್ಕಳು ತಿಳಿದಿದ್ದಾರೆ. ಬೇರೆ ಊರಿನ ಮಸೀದಿಗೆ ಹೋದಾಗ ಅಲ್ಲಿಯ ಕರೆ ತಪ್ಪಾಗಿದೆ ಎನ್ನುತ್ತಾರೆ.

ನಾನು ಈ ಊರಿಗೆ ಸೊಸೆಯಾಗಿ ಬಂದವಳು. ಬಾನೇ ಕಡೆಯವಳು. ಆ ದಿನ ನಾನು ಇಲ್ಲಿರಲಿಲ್ಲ. ನನ್ನ ಗಂಡ ವಿರ್ಯಾನೂ ಇರಲಿಲ್ಲ, ಮಹಾಬಾದ್‌ನಲ್ಲಿ ಓದುತ್ತಿದ್ದ. ಹಾಗಾಗಿ ನಮ್ಮಿಬ್ಬರ ಎದೆ ಸ್ವಚ್ಛ. ಊರಿನವರು ನಮ್ಮನ್ನು "ಹೊಸ ಎದೆಯವರು" ಎಂದು ಹಂಗಿಸುತ್ತಾರೆ.

ಆ ದಿನ ಎಂದರೆ ಇಲ್ಲಿ ಸಾಕು, ವರ್ಷ ಹೇಳಬೇಕಾಗಿಲ್ಲ. ಯುದ್ಧದ ಏಳನೇ ಬೇಸಿಗೆ. ಗಡಿಯಾಚೆಯಿಂದ ವಿಮಾನಗಳು ಬಂದವು. ಜನ ಎಂದಿನಂತೆ ನೆಲಮಾಳಿಗೆಗಳಿಗೆ ಇಳಿದರು. ಏಳು ವರ್ಷ ಇಳಿದೂ ಇಳಿದೂ ಕಾಲುಗಳಿಗೇ ರೂಢಿಯಾಗಿತ್ತು. ಬಾಂಬುಗಳು ಬಿದ್ದವು, ಆದರೆ ದೊಡ್ಡ ಸದ್ದಾಗಲಿಲ್ಲ. ಕೆಟ್ಟುಹೋದವು ಎಂದು ಒಳಗಿದ್ದವರು ನಕ್ಕರಂತೆ. ಬಿದ್ದದ್ದು ವಿಷದ ಗಾಳಿ. ಅದು ಮಾಮೂಲು ಗಾಳಿಗಿಂತ ಭಾರ. ಅದೂ ಮೆಟ್ಟಿಲು ಇಳಿಯಿತು.

ನಮ್ಮ ಮನೆಯ ನೆಲಮಾಳಿಗೆಯಲ್ಲಿ ಅಂದು ಹನ್ನೊಂದು ಜನ ಇದ್ದರು.

ನನ್ನ ಅತ್ತೆ ಖಾವರ್ ಅವರಲ್ಲಿ ಇರಲಿಲ್ಲ. ಅವಳು ಗುಡ್ಡದ ಮೇಲೆ ಸೊಪ್ಪು ಕೀಳುತ್ತಿದ್ದಳು. ಅವಳ ಮಗಳು, ಹದಿನೈದು ವರ್ಷದ ಹತಾವ್, ಇದ್ದಳು. ಪಕ್ಕದ ಮನೆಯ ಮಾಮ್ ಖಿದಿರ್‌ನ ಹೆಂಡತಿ ಜುಬೇದಾ ಇದ್ದಳು. ಖಿದಿರ್ ಮಾತ್ರ ಮಾಳಿಗೆಯ ಮೇಲೆ ಮಲಗಿದ್ದವನು ಏಳಲಿಲ್ಲ. "ಸೋಮಾರಿತನಕ್ಕೆ ದೇವರು ಕೊಟ್ಟ ಸಂಬಳ" ಎಂದು ಅವನೇ ಹೇಳಿಕೊಂಡು ನಗುತ್ತಾನೆ. ನಕ್ಕರೆ ಕೆಮ್ಮು ಬರುತ್ತದೆ, ಹಾಗಾಗಿ ಅರ್ಧ ನಗುತ್ತಾನೆ. ಆಮೇಲೆ ಇಳಿದು ಒಬ್ಬೊಬ್ಬರನ್ನೇ ಹೊತ್ತು ತಂದವನು ಅವನೇ. ಅವನ ಎದೆ ಹಾಳಾದದ್ದು ಹಾಗೆ. ಖಾವರ್ ಗುಡ್ಡದಿಂದ ಓಡಿ ಬಂದು ಅವನು ತಂದವರ ವಿಷ ಹಿಡಿದ ಬಟ್ಟೆ ಬಿಚ್ಚಿದಳು. ಅವಳದು ಹಾಳಾದದ್ದು ಹಾಗೆ.

ಖಾವರ್ ಔಷಧಿಯವಳು. ಸುತ್ತಲಿನ ಆರು ಹಳ್ಳಿಗೆ ಕೆಮ್ಮಿಗೆ ಅವಳದೇ ಕೈ. ನಾನು ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲೇ ನನ್ನನ್ನು ಕೂರಿಸಿಕೊಂಡು ಕಲಿಸತೊಡಗಿದಳು. ಸೇಬಿನ ಜಾತಿಯ ಬೇಹೆ ಹಣ್ಣಿನ ಬೀಜ ಬಿಸಿ ನೀರಿನಲ್ಲಿ ನೆನೆಸಿದರೆ ಲೋಳೆ ಬಿಡುತ್ತದೆ, ಅದನ್ನು ನಾಲಿಗೆಯ ಮೇಲಿಟ್ಟು ನಿಧಾನ ನುಂಗಬೇಕು, ಬೀಜ ಮಾತ್ರ ಕಡಿಯಬಾರದು, ಒಳಗೆ ಕಹಿ ವಿಷ ಇದೆ. ಜ್ಯೇಷ್ಠಮಧುವಿನ ಬೇರು ಮೂರು ವರ್ಷಕ್ಕಿಂತ ಎಳೆಯದನ್ನು ಅಗೆಯಬಾರದು. ಒಣಕೆಮ್ಮಿಗೆ ಹೇರೊ ಹೂ. ಅಂಗೈಯಗಲದ, ಕಡುನೇರಳೆ ಹೂ. ಬೇಲಿಯ ಪಕ್ಕ ಆಳೆತ್ತರ ಬೆಳೆಯುತ್ತದೆ. ಅದರ ಕಷಾಯ ಕುಡಿದರೆ ಗಂಟಲಿನ ಒಳಗೆ ಎಣ್ಣೆ ಸವರಿದ ಹಾಗೆ.

ಅವಳ ಕೆಲಸದಲ್ಲಿ ಎರಡು ವಿಚಿತ್ರ ಇದ್ದವು. ಎಲ್ಲರೂ ಹೇರೊ ಹೂವನ್ನು ಕತ್ತಲೆಯ ನೆಲಮಾಳಿಗೆಯಲ್ಲಿ ತೂಗುಹಾಕಿ ಒಣಗಿಸುತ್ತಾರೆ. ಬಿಸಿಲು ತಾಗದಿದ್ದರೆ ಬಣ್ಣ ಉಳಿಯುತ್ತದೆ, ಬಣ್ಣ ಉಳಿದರೆ ಗುಣ ಉಳಿಯುತ್ತದೆ. ಖಾವರ್ ಮಾಳಿಗೆಯ ಮೇಲೆ ಚಪ್ಪರ ಕಟ್ಟಿ ಬಟ್ಟೆ ಹೊದಿಸಿ ಒಣಗಿಸುತ್ತಿದ್ದಳು. ಎಷ್ಟು ಹೊದಿಸಿದರೂ ಹೂ ಬಿಳಿಚಿ ಹಳೆಯ ಚಿಂದಿಯ ಹಾಗಾಗುತ್ತಿತ್ತು. ಬಾನೇಯ ಸಂತೆಯಲ್ಲಿ ಬೇರೆ ಔಷಧಿಯವರು ನಮ್ಮ ಚೀಲ ನೋಡಿ, "ಇದೇನು ಪೂರೆ, ಹೂವೋ, ಹೂವಿನ ಹೆಣವೋ?" ಎಂದು ಕೇಳುತ್ತಿದ್ದರು. ಪೂರೆ ಎಂದರೆ ನಮ್ಮಲ್ಲಿ ಅತ್ತೆ. ಊರೆಲ್ಲ ಅವಳನ್ನು ಹಾಗೇ ಕರೆಯುತ್ತದೆ, ನಾನೂ.

ಎರಡನೆಯದು, ಅವಳು ಯಾರಿಗೂ ಹಬೆ ಕೊಡುತ್ತಿರಲಿಲ್ಲ. ಕಂಬಳಿ ಹೊದ್ದು ಹೂವಿನ ಹಬೆ ಎಳೆದುಕೊಳ್ಳುವುದು ಎದೆಗೆ ಎಲ್ಲಕ್ಕಿಂತ ದೊಡ್ಡ ಮದ್ದು. ಆದರೆ ಯಾರಾದರೂ ಕೇಳಿದರೆ ಅವಳು ಬಾಗಿಲು ತೋರಿಸುತ್ತಿದ್ದಳು. ಊರಿಗೆ ಇದು ಅರ್ಥವಾಗುತ್ತಿರಲಿಲ್ಲ. ಯಾಕೆಂದರೆ ಆ ದಿನದ ಮಾರನೆಯ ದಿನ, ರಸ್ತೆ ಮುಚ್ಚಿ ಯಾವ ಗಾಡಿಯೂ ಬರದೆ ಇದ್ದಾಗ, ಊರನ್ನು ನೋಡಿಕೊಂಡದ್ದು ಇದೇ ಖಾವರ್ ಮತ್ತು ಅವಳ ಹಬೆಯ ಪಾತ್ರೆ. ಅವಳ ಕಣ್ಣುಗಳು ಊದಿ ಮುಚ್ಚಿಹೋಗಿದ್ದವು. ಕುರುಡಿಯ ಹಾಗೆ ಕುಳಿತು ಒಬ್ಬೊಬ್ಬರ ತಲೆಯನ್ನೂ ಕಂಬಳಿಯೊಳಗೆ ಎಳೆದು ಹಬೆ ಕೊಟ್ಟಳು. ಮದುವೆಗಳಲ್ಲಿ ಈಗಲೂ ಈ ಕಥೆ ಹೇಳುತ್ತಾರೆ. ಖಾವರ್ ಆಗ ಎದ್ದು ಹೊರಗೆ ಹೋಗುತ್ತಾಳೆ. ಹತಾವ್ ನೆನಪಾಯಿತು ಪಾಪ ಎನ್ನುತ್ತಾರೆ. ಹಬೆ ಪಡೆದರೂ ಹತಾವ್ ಉಳಿಯಲಿಲ್ಲ. ಜುಬೇದಾ ಉಳಿಯಲಿಲ್ಲ. ಇನ್ನೊಬ್ಬ ಹುಡುಗನೂ.

ನೆಲಮಾಳಿಗೆಯ ಬಾಗಿಲಿಗೆ ಬೀಗ ಇತ್ತು. "ಸೂರು ಕುಸೀತಿದೆ, ಹೋಗ್ಬೇಡ" ಎಂದಿದ್ದಳು ನನಗೆ.

ಹೋಗಲಿಲ್ಲ. ಆದರೆ ಕೇಳಿಸುತ್ತಿತ್ತು. ಮದುವೆಯಾದ ಮೊದಲ ವಾರವೇ, ಮಧ್ಯಾಹ್ನ ಅಂಗಳ ಗುಡಿಸುವಾಗ, ಕಾಲ ಕೆಳಗಿನಿಂದ ಕೆಮ್ಮು. ಮೂರು ಚಿಕ್ಕದು, ಆಮೇಲೆ ಒಂದು ಉದ್ದ.

"ಪೂರೆ, ಕೆಳಗೆ ಯಾರೋ ಇದಾರೆ."

"ಖಿದಿರ್‌ನ ಆಡು. ಅವನ ಕೊಟ್ಟಿಗೆಗೂ ನಮ್ಮ ನೆಲಮಾಳಿಗೆಗೂ ಒಂದೇ ಗೋಡೆ."

"ಆಡು ಹೀಗೆ ಕೆಮ್ಮುತ್ತಾ?"

"ಈ ಊರಲ್ಲಿ ಆಡೂ ಕೆಮ್ಮುತ್ತೆ."

ಅದು ಸುಳ್ಳಲ್ಲ. ಹಾಗಾಗಿ ಎಂಟು ವರ್ಷ ನಾನು ಅದನ್ನು ಆಡೆಂದೇ ಇಟ್ಟುಕೊಂಡಿದ್ದೆ. ಒಮ್ಮೆ ಮಾತ್ರ, ತಂದೂರಿನ ಹತ್ತಿರ, ಖಿದಿರ್‌ನ ಮಗಳು ಪರೀಖಾನ್‌ಗೆ ತಮಾಷೆಗೆ ಅದನ್ನು ಅಣಕಿಸಿ ತೋರಿಸಿದೆ. ಪರೀಖಾನ್ ನಲವತ್ತು ದಾಟಿದವಳು, ಮದುವೆಯಾಗಿಲ್ಲ. ಕೆಮ್ಮುವ ಹುಡುಗಿಯನ್ನು ಯಾರು ಕೇಳುತ್ತಾರೆ? ಅವಳು ಹಿಟ್ಟಿನ ಉಂಡೆ ಕೈಯಲ್ಲೇ ಹಿಡಿದು ನಿಂತಳು.

"ಇದನ್ನ ನಿಂಗೆ ಯಾರು ತೋರಿಸಿದ್ರು?"

"ನಿಮ್ಮ ಆಡು."

"ಹತಾವ್ ಹೀಗೇ ಕೆಮ್ತಿದ್ಳು. ಆ ಮೂರು ದಿನ. ಮೂರು ಚಿಕ್ಕದು, ಒಂದು ಉದ್ದ. ನಾನು ಪಕ್ಕದಲ್ಲೇ ಮಲಗಿದ್ದೆ." ಆಮೇಲೆ ಉಂಡೆ ತಟ್ಟತೊಡಗಿದಳು. "ಇನ್ನೊಂದ್ಸಲ ಮಾಡ್ಬೇಡ ಶಿಲಾನ್. ಕೆಟ್ಟ ತಮಾಷೆ."

ನಾನು ಮತ್ತೆ ಮಾಡಲಿಲ್ಲ.

ಆ ದಿನ ಕಳೆದು ಹತ್ತೊಂಬತ್ತನೇ ವರ್ಷದ ವಸಂತದಲ್ಲಿ ಮಾಮ್ ಖಿದಿರ್ ಹಾಸಿಗೆ ಹಿಡಿದ. ಆಸ್ಪತ್ರೆಯಿಂದ ಒಂದು ಸಿಲಿಂಡರ್ ಕೊಟ್ಟು ಮನೆಗೆ ಕಳಿಸಿದ್ದರು. ಮನೆಗೆ ಕಳಿಸುವುದರ ಅರ್ಥ ಇಲ್ಲಿ ಎಲ್ಲರಿಗೂ ಗೊತ್ತು. ಮರುದಿನ ಬೆಳಿಗ್ಗೆ ಪರೀಖಾನ್ ನಮ್ಮ ಅಂಗಳಕ್ಕೆ ಬಂದಳು.

"ಪೂರೆ, ಅಪ್ಪ ಹಬೆ ಕೇಳ್ತಿದಾನೆ. ಹೇರೊ ಹೂವಿಂದು."

ಖಾವರ್ ಬೇರು ಜಜ್ಜುತ್ತಿದ್ದಳು. ತಲೆ ಎತ್ತಲಿಲ್ಲ. "ಬೇಹೆ ಬೀಜ ಕೊಡ್ತೀನಿ."

"ಅದು ಬೇಡವಂತೆ. 'ಜುಬೇದಾಗೆ ಕೊಟ್ಟಳಲ್ಲ, ಆ ಹಬೆ' ಅಂತಾನೆ. ಅದನ್ನ ತಗೊಂಡ ಮೇಲೇ ಅಮ್ಮ ಸಂಜೆ ಒಂದಿಷ್ಟು ನಿದ್ದೆ ಮಾಡಿದ್ಳಂತೆ."

ಕುಟ್ಟಾಣಿ ಒಂದು ಕ್ಷಣ ನಿಂತಿತು. "ಇಲ್ಲ ಅಂತ ಹೇಳು."

ಮರುದಿನವೂ ಬಂದಳು. ಅದರ ಮರುದಿನವೂ. ಪ್ರತಿ ಬೆಳಿಗ್ಗೆ ಅದೇ ಮಾತು, ಅದೇ ಉತ್ತರ. ಐದನೇ ದಿನ ಪರೀಖಾನ್ ನನ್ನನ್ನು ಬೇಲಿಯ ಹತ್ತಿರ ಕರೆದಳು. ಅವಳ ಕಣ್ಣು ಕೆಂಪಗಿದ್ದವು.

"ನಿನ್ನ ಅತ್ತೆಯ ಎದೇಲಿ ಕಲ್ಲಿದೆಯಾ? ಇವನು ತನ್ನ ಹೆಗಲ ಮೇಲೆ ಹತಾವ್‌ನ ಹೊತ್ತು ಮೇಲೆ ತಂದವನು. ಒಂದು ಪಾತ್ರೆ ಬಿಸಿನೀರು ಕೇಳ್ತಿದಾನೆ. ಅಷ್ಟೇ. ಬೇರೆ ಏನು ಕೇಳ್ತಿದಾನೆ?"

"ಅವಳು ಯಾರಿಗೂ ಕೊಡಲ್ಲ ಪರೀಖಾನ್. ನಿಂಗೆ ಗೊತ್ತಲ್ಲ."

"ನೀನು ಕೊಡು ಹಾಗಾದ್ರೆ. ಎಂಟು ವರ್ಷದಿಂದ ಅವಳ ಹಿಂದೆ ಚೀಲ ಹೊತ್ತು ತಿರುಗ್ತಿದೀಯ, ಒಂದು ಪಾತ್ರೆ ಕಾಯಿಸೋಕೆ ಬರಲ್ವಾ?"

ಆ ಮಾತು ಚುಚ್ಚಿತು. ನಿಜ ಹೇಳಬೇಕೆಂದರೆ ಖಿದಿರ್ ಮೇಲಿನ ಮರುಕಕ್ಕಿಂತ ಅದೇ ಹೆಚ್ಚು ಕೆಲಸ ಮಾಡಿತು. ಎಂಟು ವರ್ಷದಲ್ಲಿ ಖಾವರ್ ಒಂದು ಕಷಾಯವನ್ನೂ ನನ್ನೊಬ್ಬಳ ಕೈಗೆ ಬಿಟ್ಟಿರಲಿಲ್ಲ.

ಆದರೆ ಹೂ ಇರಲಿಲ್ಲ. ಹೇರೊ ಅರಳಲು ಇನ್ನೂ ಎರಡು ತಿಂಗಳು. ಹೋದ ವರ್ಷದ್ದು ಚಳಿಗಾಲಕ್ಕೇ ಮುಗಿದಿತ್ತು. ಖಾವರ್ ಆ ಮಧ್ಯಾಹ್ನ ಆಮಿನಾಳ ಮೊಮ್ಮಗುವನ್ನು ನೋಡಲು ಹೋಗಿದ್ದಳು. ನಾನು ಅಟ್ಟ ಹುಡುಕಿದೆ, ಕಪಾಟು ಹುಡುಕಿದೆ. ಕೊನೆಗೆ ನೆಲಮಾಳಿಗೆಯ ಬಾಗಿಲ ಮುಂದೆ ನಿಂತೆ. ಬೀಗ ಗಟ್ಟಿಯಾಗಿತ್ತು, ಆದರೆ ಚಿಲಕದ ಮೊಳೆಗಳು ತುಕ್ಕು ಹಿಡಿದಿದ್ದವು. ಗುದ್ದಲಿಯ ತುದಿ ಹಾಕಿ ಮೀಟಿದೆ. ಒಣ ರೊಟ್ಟಿ ಮುರಿದ ಹಾಗೆ ಬಂತು.

ಒಂಬತ್ತು ಮೆಟ್ಟಿಲು. ಒಳಗೆ ತಂಪು. ಯಾವ ವಾಸನೆಯೂ ಇರಲಿಲ್ಲ. ಯಾವ ನೆಲಮಾಳಿಗೆಗೂ ಮೊಸರಿನದೋ ಮಣ್ಣಿನದೋ ವಾಸನೆ ಇರುತ್ತದೆ, ಇಲ್ಲಿ ಇರಲಿಲ್ಲ. ಜೇಡ ಇರಲಿಲ್ಲ, ಇಲಿಯ ಹಿಕ್ಕೆ ಇರಲಿಲ್ಲ. ಸೂರು ಗಟ್ಟಿಯಾಗಿತ್ತು. ಗೋಡೆಗೆ ಒರಗಿಸಿದ್ದ ಮೂರು ದಿಂಬು, ಒಂದು ಹೆಂಗಸಿನ ರಬ್ಬರ್ ಚಪ್ಪಲಿ, ಮಗುಚಿದ ಟೀ ಲೋಟ. ಮೇಲೆ ತೊಲೆಯಿಂದ ನಾಲ್ಕು ಬಟ್ಟೆಚೀಲ ತೂಗುತ್ತಿದ್ದವು. ಐದನೇ ಕೊಕ್ಕೆ ಖಾಲಿ ಇತ್ತು. ಒಂದನ್ನು ಇಳಿಸಿ ಬಾಯಿ ಬಿಚ್ಚಿದೆ.

ಒಳಗೆ ಹೇರೊ ಹೂ. ಕಡುನೇರಳೆ, ನಿನ್ನೆ ಕಿತ್ತ ಹಾಗೆ. ಅಷ್ಟು ಒಳ್ಳೆಯ ಬಣ್ಣದ ಒಣಹೂವನ್ನು ನಾನು ಬಾನೇಯ ಸಂತೆಯಲ್ಲೂ ನೋಡಿರಲಿಲ್ಲ.

ಮೊದಲು ಬಂದದ್ದು ಸಿಟ್ಟು. ನಮಗೆಲ್ಲ ಬಿಳಿಚಿದ ಹೂ ತೋರಿಸಿ ಇಲ್ಲಿ ಇಂಥದ್ದನ್ನು ಬಚ್ಚಿಟ್ಟಿದ್ದಾಳೆ. ಚೀಲದ ಮೇಲಿನ ಧೂಳು ಬೆರಳು ದಪ್ಪ ಇತ್ತು. ಅದನ್ನು ನೋಡಿದೆ, ಯೋಚಿಸಲಿಲ್ಲ. ಬಣ್ಣ ನೋಡಿದ ಮೇಲೆ ಔಷಧಿಯವರು ಬೇರೆ ನೋಡುವುದಿಲ್ಲ. ಬಣ್ಣ ಇದ್ದರೆ ಗುಣ ಇದೆ ಎಂದು ಹೇಳಿಕೊಟ್ಟವಳೂ ಅವಳೇ. ಮೇಲೆ ಬಂದು ಒಂದು ಹೂ ನೀರಿಗೆ ಹಾಕಿ ಹಿಸುಕಿದೆ, ನೀರು ಶಾಯಿಯ ಹಾಗೆ ನೀಲಿಗಟ್ಟಿತು. ಎರಡು ಹಿಡಿ ಕಾಗದದಲ್ಲಿ ಕಟ್ಟಿ ಬೇಲಿಯ ಮೇಲಿಂದ ಪರೀಖಾನ್‌ಗೆ ಕೊಟ್ಟೆ.

"ಕುದಿಸಬೇಡ. ಕುದಿದ ನೀರಿಗೆ ಹಾಕಿ ಮುಚ್ಚಿಡು. ಆಮೇಲೆ ಕಂಬಳಿ."

"ಕೈ ಮುಗೀತೀನಿ ಶಿಲಾನ್ ಗಿಯಾನ್, ನನ್ನ ಜೀವವೇ." ಅವಳು ನನ್ನ ಕೆನ್ನೆ ಹಿಂಡಿ ಓಡಿದಳು.

ಖಾವರ್ ಸ್ವಲ್ಪ ಹೊತ್ತಿಗೇ ಬಂದಳು. ಆಮಿನಾಳ ಮನೆಯ ಟೀ ಕೆಟ್ಟದಾಗಿತ್ತೆಂದು ಗೊಣಗುತ್ತ ಕೂತಳು. ನಾನು ಸಮೋವರ್‌ನಿಂದ ಟೀ ಬಗ್ಗಿಸಿ ಕೊಟ್ಟೆ. ಅವಳು ಸಕ್ಕರೆ ತುಂಡನ್ನು ಹಲ್ಲಿನ ನಡುವೆ ಇಟ್ಟುಕೊಂಡಳು. ಲೋಟ ಹಿಡಿಯಲು ಬಂದ ಕೈ ನಿಂತಿತು. ನನ್ನ ಬೆರಳು ನೋಡುತ್ತಿದ್ದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರೂ ನೀಲಿ.

"ಆ ಬಣ್ಣ ಎಲ್ಲಿಂದ ಬಂತು?"

ನಾನು ಬೆರಳು ಮಡಿಚಿಕೊಂಡೆ.

"ಈ ತಿಂಗಳಲ್ಲಿ ಹೂ ಇಲ್ಲ. ಎಲ್ಲಿಂದ ಬಂತು?"

"ನೆಲಮಾಳಿಗೆಯಿಂದ. ಮಾಮ್ ಖಿದಿರ್‌ಗೆ ಕೊಟ್ಟೆ. ಬಚ್ಚಿಟ್ಕೊಂಡು ಏನ್ ಮಾಡ್ತೀಯ ಪೂರೆ, ಸತ್ತ ಮೇಲೆ..."

ಅವಳು ಸಕ್ಕರೆ ತುಂಡನ್ನು ಉಗಿದಳು. ಕೂಗಲಿಲ್ಲ. ಧ್ವನಿ ತೀರಾ ಸಣ್ಣಗೆ ಬಂತು.

"ಓಡು. ಅದು ಆ ದಿನದ ಹೂ."

"ಯಾವ..."

"ಆ ದಿನ ಅಲ್ಲಿ ತೂಗ್ತಿದ್ದ ಹೂ. ಹತಾವ್‌ಗೆ ಹಬೆ ಕೊಟ್ಟ ಹೂ. ಓಡು, ಹೆಣ್ಣೇ!"

ಎರಡು ಮನೆಯ ನಡುವೆ ಮೂವತ್ತು ಹೆಜ್ಜೆ. ಆ ಮೂವತ್ತು ಹೆಜ್ಜೆಯಲ್ಲಿ ಎಲ್ಲ ಗೊತ್ತಾಯಿತು. ಹೂ ನೆಲಮಾಳಿಗೆಯಲ್ಲಿ ಒಣಗುತ್ತಿತ್ತು. ವಿಷದ ಗಾಳಿ ಅಲ್ಲಿಗೆ ಇಳಿದು ಅಲ್ಲೇ ಕೂತಿತು. ಜನರನ್ನು ಮೇಲೆ ಹೊತ್ತು ತಂದರು, ಚೀಲಗಳು ಅಲ್ಲೇ ಉಳಿದವು. ಮಾರನೆಯ ದಿನ ಕಣ್ಣು ಕಾಣದ ಖಾವರ್ ಒಂದು ಚೀಲ ತರಿಸಿ, ಬಿಸಿನೀರಿಗೆ ಹಾಕಿ, ಆಗಲೇ ಸುಟ್ಟುಹೋಗಿದ್ದ ಎದೆಗಳಿಗೆ ಅದರ ಹಬೆ ಕೊಟ್ಟಳು. ಮೊದಲು ತನ್ನ ಮಗಳಿಗೆ. ಕಂಬಳಿಯನ್ನು ಗಟ್ಟಿಯಾಗಿ ಹಿಡಿದು, ಹಬೆ ಹೊರಗೆ ಹೋಗದ ಹಾಗೆ.

ಖಿದಿರ್‌ನ ಬಾಗಿಲು ತೆರೆದೇ ಇತ್ತು. ಅವನು ದಿಂಬಿಗೆ ಒರಗಿ ಕೂತಿದ್ದ, ಮೂಗಿಗೆ ಕೊಳವೆ. ಅವನ ಮುಂದೆ ಪಾತ್ರೆ, ಪಾತ್ರೆಯ ಮೇಲೆ ತಟ್ಟೆ ಮುಚ್ಚಿತ್ತು. ಪಕ್ಕದಲ್ಲಿ ಕಂಬಳಿ ಮಡಿಸಿದ್ದು ಮಡಿಸಿದ ಹಾಗೇ ಇತ್ತು. ಪರೀಖಾನ್ ಅಳುತ್ತ ನಿಂತಿದ್ದಳು.

"ತಗೊಂಡ್ಯಾ ಮಾಮ್? ಹಬೆ ತಗೊಂಡ್ಯಾ?"

"ಐದು ದಿನದಿಂದ ಬೇಕು ಬೇಕು ಅಂದು ಈಗ ಬೇಡವಂತೆ! ತಟ್ಟೆ ತೆಗೆದು ಒಂದ್ಸಲ ಹೂ ನೋಡಿದ, ಮತ್ತೆ ಮುಚ್ಚಿದ. ಹುಚ್ಚು ಹಿಡಿದಿದೆ ಇವನಿಗೆ," ಎಂದಳು ಪರೀಖಾನ್.

ಖಿದಿರ್ ನನ್ನನ್ನೇ ನೋಡುತ್ತಿದ್ದ. ಮಾತಿಗೊಂದು ಉಸಿರು ಕೂಡಿಸಬೇಕಾಗಿತ್ತು ಅವನಿಗೆ.

"ಖಾವರ್ ಕಳಿಸಿದ್ಳಾ ಇದನ್ನ?"

"ಇಲ್ಲ. ನಾನೇ ಕದ್ದು ತಂದೆ. ಅವಳಿಗೆ ಈಗ ಗೊತ್ತಾಯ್ತು. ಓಡು ಅಂದಳು."

"ಓಡು ಅಂದಳಾ?"

"ಹೂಂ."

ಅವನು ದಿಂಬಿಗೆ ತಲೆ ಆನಿಸಿದ. "ಹಾಗಾದ್ರೆ ಅವಳಿಗೂ ಗೊತ್ತು."

ಅಂಗಳದಲ್ಲಿ ಕೋಲಿನ ಸದ್ದು, ಅದರ ಹಿಂದೆ ಖಾವರ್‌ಳ ಕೆಮ್ಮು. ತುಂಬಿದ ಬಿಂದಿಗೆಯನ್ನು ಎಳೆದ ಹಾಗಿನ ಕೆಮ್ಮು, ಊರಿಗೆಲ್ಲ ಗೊತ್ತಿರುವುದು. "ಬಂದ್ಳು ನೋಡು ಮದುವಣಗಿತ್ತಿ," ಎಂದ ಖಿದಿರ್. ಖಾವರ್ ಹೊಸ್ತಿಲ ಮೇಲೆ ನಿಂತಳು. ಮೊದಲು ಪಾತ್ರೆ ನೋಡಿದಳು, ಆಮೇಲೆ ಮಡಿಸಿದ ಕಂಬಳಿ, ಆಮೇಲೆ ಅವನ ಮುಖ.

"ಮುಟ್ಟಿದ್ಯಾ?"

"ಇಲ್ಲ. ಮಾಳಿಗೆ ಮೇಲೆ ಒಣಗಿದ ಹೂವಿಗೆ ಈ ಬಣ್ಣ ಬರಲ್ಲ. ಅಷ್ಟು ನಂಗೂ ಗೊತ್ತು."

ಅವಳು ಗೋಡೆ ಹಿಡಿದು ಕೂತಳು. ಉಸಿರು ಹಿಡಿಯಲು ಇಬ್ಬರಿಗೂ ಹೊತ್ತು ಬೇಕಾಯಿತು. ಪರೀಖಾನ್ ಏನು ನಡೆಯುತ್ತಿದೆ ಎಂದು ನನ್ನನ್ನು ಕಣ್ಣಲ್ಲೇ ಕೇಳಿದಳು. ನಾನು ತಲೆ ಅಲ್ಲಾಡಿಸಿದೆ.

"ಆ ಚೀಲ ಕೆಳಗಿಂದ ತಂದವನು ನಾನು, ಖಾವರ್," ಎಂದ ಖಿದಿರ್. "ನೀನು ತರೋಕೆ ಹೇಳಿದೆ, ನಾನು ಒದ್ದೆ ಬಟ್ಟೆ ಮುಖಕ್ಕೆ ಕಟ್ಕೊಂಡು ಇಳಿದೆ. ಚೀಲದಿಂದ ಬೆಳ್ಳುಳ್ಳಿ ವಾಸನೆ ಬರ್ತಿತ್ತು. ಕೊಳೆತ ಬೆಳ್ಳುಳ್ಳಿ. ಹೆಗಲ ಮೇಲೆ ಇತ್ತಲ್ಲ, ಮೂಗಿಗೇ ಹೊಡೀತಿತ್ತು. ನೀನು ಬೆಳ್ಳುಳ್ಳೀನೂ ಅಲ್ಲೇ ಇಡ್ತೀಯೇನೋ ಅಂದ್ಕೊಂಡೆ."

"ನಾನು ಬೆಳ್ಳುಳ್ಳೀನ ಯಾವತ್ತೂ ಕೆಳಗೆ ಇಟ್ಟಿಲ್ಲ."

"ಗೊತ್ತು. ಆಮೇಲೆ ಗೊತ್ತಾಯ್ತು. ಆ ವಿಷಕ್ಕೆ ಬೆಳ್ಳುಳ್ಳಿ ವಾಸನೆ ಇರುತ್ತೆ ಅಂತ ಡಾಕ್ಟರ್ ಹೇಳಿದ ದಿನ." ಅವನು ನಿಲ್ಲಿಸಿದ. "ಅವತ್ತಿಂದ ನಿನ್ನ ಮುಖ ನೋಡ್ತಿದೀನಿ. ನಿಂಗೆ ಗೊತ್ತಿದೆಯಾ ಇಲ್ವಾ ಅಂತ. ಬಾಯಿಬಿಟ್ಟು ಕೇಳಿದ್ರೆ, ಗೊತ್ತಿಲ್ದೇ ಇದ್ರೆ ಗೊತ್ತಾಗ್ಬಿಡುತ್ತೆ. ಅದಕ್ಕೆ ಈಗ ಸಾಯೋ ಹೊತ್ತಲ್ಲಿ ಹಬೆ ಕೇಳಿ ಕಳಿಸಿದೆ. ಗೊತ್ತಿಲ್ದೇ ಇದ್ರೆ ನೀನು ಕೊಡ್ತಿದ್ದೆ. ಐದು ದಿನವೂ ಇಲ್ಲ ಅಂದೆ."

ಪರೀಖಾನ್ ಗೋಡೆಗೆ ಒರಗಿ ಕುಸಿದು ಕೂತಳು. ಅವಳಿಗೂ ತಿಳಿಯಿತು. ಅವಳೂ ಆ ಕಂಬಳಿಯೊಳಗೆ ತಲೆ ಇಟ್ಟವಳು.

ಖಾವರ್ ಪಾತ್ರೆಯ ಕಡೆಗೇ ನೋಡುತ್ತ ಮಾತಾಡಿದಳು. "ನಂಗೂ ವಾಸನೆ ಬಂದಿತ್ತು."

ಅವಳು ಕೋಲನ್ನು ಮಡಿಲ ಮೇಲೆ ಅಡ್ಡ ಇಟ್ಟುಕೊಂಡಳು.

"ಕಣ್ಣು ಮುಚ್ಚಿತ್ತು, ಮೂಗು ಮುಚ್ಚಿರ್ಲಿಲ್ಲ. ಊರೆಲ್ಲ ಅದೇ ವಾಸನೆ ಇತ್ತು, ನನ್ನ ಬಟ್ಟೇಲೂ ಇತ್ತು, ಹತಾವ್ ಕೂದಲಲ್ಲೂ ಇತ್ತು. ಹಬೇಲಿ ಇದ್ರೆ ಏನು ವಿಶೇಷ ಅಂದ್ಕೊಂಡೆ. ಅವಳು ಒಳಗಿಂದ ಅಮ್ಮಾ ಉರಿಯುತ್ತೆ ಅಂದ್ಳು. ಸ್ವಲ್ಪ ತಡ್ಕೋ, ಮದ್ದು ಅಂದ್ರೆ ಉರಿಯುತ್ತೆ ಅಂದೆ. ಕತ್ತು ಹಿಡ್ಕೊಂಡಿದ್ದೆ ನಾನು."

"ಇಲ್ದೇ ಇದ್ರೂ ಸಾಯ್ತಿದ್ರೇನೋ," ಎಂದ ಖಿದಿರ್.

"ಸಾಯ್ತಿದ್ರೇನೋ."

"ಹಬೆ ತಗೊಂಡವರಲ್ಲಿ ನಾಲ್ಕು ಜನ ಬದುಕಿದ್ರು."

"ಬದುಕಿದ್ರು. ಅವರ ಕೆಮ್ಮು ದಿನಾ ಕೇಳ್ತೀನಿ."

ಪರೀಖಾನ್ ಆಗ ತಲೆ ಎತ್ತಿದಳು. ಅವಳ ಧ್ವನಿಯಲ್ಲಿ ಅಳು ಇರಲಿಲ್ಲ. "ಹತ್ತೊಂಬತ್ತು ವರ್ಷ ಯಾಕೆ ಹೇಳ್ಲಿಲ್ಲ ಪೂರೆ?"

"ಹೇಳಿದ್ರೆ ಆಮೇಲೆ ಯಾರು ನನ್ನ ಕೈಯಿಂದ ಕುಡೀತಿದ್ರು? ನೀನು ಕುಡೀತಿದ್ಯಾ? ಊರೆಲ್ಲ ಕೆಮ್ತಿತ್ತು, ಇನ್ನೊಬ್ಬ ಔಷಧಿಯವಳು ಇರ್ಲಿಲ್ಲ. ಅದಕ್ಕೆ ಬಾಯಿ ಮುಚ್ಕೊಂಡೆ." ಖಾವರ್ ಕೆಮ್ಮಿದಳು. "ಧೈರ್ಯಾನೂ ಇರ್ಲಿಲ್ಲ."

"ಆ ಹೂವನ್ನ ಯಾಕೆ ಇಟ್ಕೊಂಡಿದೀಯ? ಎಸೀಬಾರದಿತ್ತಾ?" ಎಂದು ನಾನು ಕೇಳಿದೆ. ನನ್ನ ತಪ್ಪಿನಿಂದ ಬಿಡಿಸಿಕೊಳ್ಳಲು ಏನಾದರೂ ಕೇಳಬೇಕಾಗಿತ್ತು ನನಗೆ.

"ಎಲ್ಲಿಗೆ? ಸುಟ್ರೆ ಹೊಗೆ. ಹೂತ್ರೆ ಬೇರು ಕುಡಿಯುತ್ತೆ. ಹೊಳೆಗೆ ಹಾಕಿದ್ರೆ ಕೆಳಗಿನ ಊರು. ನೀನು ಹೇಳು, ಎಲ್ಲಿಗೆ?"

ಹತ್ತೊಂಬತ್ತು ವರ್ಷದ ಮೇಲೆ ಆ ಹೂವಿನಲ್ಲಿ ವಿಷ ಉಳಿದಿತ್ತೋ ಇಲ್ಲವೋ ಗೊತ್ತಿಲ್ಲ. ಆವತ್ತಾದರೂ ಎಷ್ಟಿತ್ತು, ಯಾರನ್ನು ಅದು ಕೊಂದಿತು, ಯಾರು ಹೇಗೂ ಸಾಯುತ್ತಿದ್ದರು, ಅದೂ ಗೊತ್ತಿಲ್ಲ.

ನಾನು ಪಾತ್ರೆಯನ್ನು ಮುಚ್ಚಿದ ತಟ್ಟೆಯ ಸಮೇತ ಬಟ್ಟೆಯಲ್ಲಿ ಬಿಗಿದು ಕಟ್ಟಿ, ನಮ್ಮ ನೆಲಮಾಳಿಗೆಗೆ ಒಯ್ದೆ. ಒಂದು ತೊಟ್ಟು ಚೆಲ್ಲದ ಹಾಗೆ ಒಂಬತ್ತು ಮೆಟ್ಟಿಲು ಇಳಿದು, ಚಪ್ಪಲಿಯ ಪಕ್ಕ ಇಟ್ಟು ಬಂದೆ. ಒಳ್ಳೆಯ ತಾಮ್ರದ ಪಾತ್ರೆ, ಪರೀಖಾನ್‌ಳ ಅಮ್ಮನದು. ಬಾಗಿಲಿಗೆ ಹೊಸ ಮೊಳೆ ಹೊಡೆದೆ. ಬೆರಳುಗಳನ್ನು ಬೂದಿ ಹಾಕಿ ತಿಕ್ಕಿದೆ. ಬಣ್ಣ ಎರಡು ವಾರ ಹೋಗಲಿಲ್ಲ.

ಮರಳಿ ಹೋದಾಗ ಖಿದಿರ್ ಹೇಳುತ್ತಿದ್ದ: "ಹಬೆ ಕೊಡು ಹಾಗಾದ್ರೆ."

"ಹೂ ಇಲ್ಲ," ಎಂದಳು ಖಾವರ್.

"ನೀರಿದೆಯಲ್ಲ."

ಅವಳು ಮಡಿಸಿದ ಕಂಬಳಿಯನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ ಪರೀಖಾನ್‌ಗೆ, "ಬೇರೆ ಪಾತ್ರೆ ಇಡು," ಎಂದಳು. ಪರೀಖಾನ್ ಏಳಲಿಲ್ಲ. ಎಷ್ಟು ಹೊತ್ತು ಏಳಲಿಲ್ಲವೆಂದರೆ ನಾನೇ ಎದ್ದು ಇಡಬೇಕೆಂದುಕೊಂಡೆ. ಕೊನೆಗೆ ಎದ್ದಳು. ಸುಮ್ಮನೆ ನೀರು ಕಾಯಿಸಿ ತಂದು ಅವರ ನಡುವೆ ಇಟ್ಟಳು.

ಖಾವರ್ ಕಂಬಳಿ ಬಿಚ್ಚಿ ಅವನ ತಲೆಯ ಮೇಲೆ ಹೊದಿಸಿದಳು. ಅವನ ಕತ್ತು ಮುಟ್ಟಲಿಲ್ಲ. ಅಂಚು ಸರಿ ಮಾಡುತ್ತ ಮಾಡುತ್ತ ತಾನೂ ಬಗ್ಗಿ, ತನ್ನ ತಲೆಯನ್ನೂ ಒಳಗೆ ತೂರಿಸಿದಳು.

"ಏಯ್, ಏನಿದು? ಮುಲ್ಲಾ ನೋಡಿದ್ರೆ ನಿಕಾಹ್ ಓದಿಬಿಡ್ತಾನೆ," ಎಂದ ಖಿದಿರ್ ಕಂಬಳಿಯೊಳಗಿಂದ.

"ಬಾಯಿ ಮುಚ್ಚು, ಉಸಿರು ಎಳಿ."

"ವಾಸನೆ ಬರ್ತಿದೆಯಾ?"

ಒಳಗೆ ಖಾವರ್ ಮೂಸುವ ಸದ್ದಾಯಿತು. "ಇಲ್ಲ. ಬರೀ ನೀರು."

ಇಬ್ಬರೂ ಕೆಮ್ಮತೊಡಗಿದರು. ನಾನು ಎಂಟು ವರ್ಷದಿಂದ ಆ ಎರಡೂ ಕೆಮ್ಮು ಕೇಳಿದವಳು. ಆದರೂ ಕಂಬಳಿಯ ಹೊರಗೆ ನಿಂತು ಯಾವುದು ಯಾರದು ಎಂದು ನನಗೆ ತಿಳಿಯಲಿಲ್ಲ. ಪರೀಖಾನ್ ಅಂಗಳಕ್ಕೆ ಹೋಗಿ ಬೆನ್ನು ತಿರುಗಿಸಿ ನಿಂತಿದ್ದಳು.

ಖಿದಿರ್ ಹನ್ನೆರಡು ದಿನ ಬದುಕಿದ್ದ. ಪ್ರತಿ ದಿನ ಖಾವರ್ ಹೋಗಿ ಹಬೆ ಕೊಟ್ಟು ಬರುತ್ತಿದ್ದಳು, ಬರೀ ನೀರಿನದು. ಪರೀಖಾನ್ ನೀರು ಕಾಯಿಸಿಡುತ್ತಿದ್ದಳು, ಮಾತಾಡಿಸುತ್ತಿರಲಿಲ್ಲ. ಅವನನ್ನು ಹೂತ ಮೇಲೆ ಅವಳು ಊರಿಗೆ ಹೇಳುತ್ತಾಳೆ ಎಂದು ನಾನು ಕಾದೆ. ಖಾವರ್ ಕೂಡ ಕಾದಳು. ಒಂದು ವಾರ ಬಾಗಿಲು ತೆರೆದಿಟ್ಟು ಅಂಗಳದಲ್ಲೇ ಕೂತಿದ್ದಳು. ಪರೀಖಾನ್ ಯಾರಿಗೂ ಹೇಳಲಿಲ್ಲ. ಆಡುಗಳನ್ನು ಕೆಳಗಿನ ಊರಿನವರಿಗೆ ಮಾರಿ, ಮನೆಗೆ ಬೀಗ ಹಾಕಿ, ಮಹಾಬಾದ್‌ನ ಚಿಕ್ಕಮ್ಮನ ಮನೆಗೆ ಹೊರಟಳು. ಹೋಗುವ ದಿನ ನಮ್ಮ ಬಾಗಿಲಿಗೆ ಬಂದು ನಿಂತು, ಒಂದು ಚೀಲ ಬೇಹೆ ಬೀಜ ಕೇಳಿದಳು. ಖಾವರ್ ಕೊಟ್ಟಳು. ಪರೀಖಾನ್ ಅದನ್ನು ಬಿಚ್ಚಿ, ಮೂಗಿಗೆ ಹಿಡಿದು ಮೂಸಿ ನೋಡಿ, ಆಮೇಲೆ ತೆಗೆದುಕೊಂಡು ಹೋದಳು.

ಹೇರೊ ಆ ವರ್ಷ ಚೆನ್ನಾಗಿ ಅರಳಿತು. ಮಾಳಿಗೆಯ ಮೇಲೆ ಚಪ್ಪರ ಕಟ್ಟಿದೆವು. ಒಂದು ಮಧ್ಯಾಹ್ನ ನಾನು ಹೂ ಮಗುಚಿ ಹಾಕುತ್ತಿದ್ದೆ, ಖಾವರ್ ನೆರಳಿನಲ್ಲಿ ಕೂತು ಕಾಗೆ ಓಡಿಸುತ್ತಿದ್ದಳು. ವಿರ್ಯಾ ಬಾನೇಗೆ ಹೋಗಿದ್ದ. ಪಕ್ಕದ ಕೊಟ್ಟಿಗೆ ಖಾಲಿ, ಬಾಗಿಲು ಗಾಳಿಗೆ ಹೊಡೆದುಕೊಳ್ಳುತ್ತಿತ್ತು.

ಕೆಳಗಿನಿಂದ ಕೇಳಿಸಿತು. ಮೂರು ಚಿಕ್ಕದು. ನಾನು ಹೂವಿನಲ್ಲಿ ಕೈ ಇಟ್ಟುಕೊಂಡೇ ನಿಂತೆ. ಆಮೇಲೆ ಉದ್ದದ್ದು.

ನಾನು ಖಾವರ್‌ಳನ್ನು ನೋಡಿದೆ. ಅವಳು ನನ್ನನ್ನು ನೋಡುತ್ತಿದ್ದಳು.

"ಹೂವಿನ ಮೇಲೆ ಬಟ್ಟೆ ಎಳಿ," ಎಂದಳು. "ಬಿಸಿಲು ತಾಗ್ತಿದೆ."

ನಾನು ಬಟ್ಟೆ ಎಳೆದೆ.